ಒಂದೇ ಪಾತೇಲಿಯ ಹಾಲು

ಲಗಮವ್ವನ ಅಡುಗೆಮನೆಗೆ ಎರಡು ಬಣ್ಣದ ಪೊಟ್ಟಣಗಳು ಬಂದಿಳಿದ ದಿನವೇ ಆಕೆಯ ತಲೆ ಕೆಟ್ಟಿತ್ತು. ಅಡುಗೆಮನೆ ಅಂದರೆ ಆಕೆಯ ಮನೆಯದಲ್ಲ. ಮನೋಳಿಯಿಂದ ಹೊಳೆಯ ದಂಡೆಗುಂಟ ಒಂದಿಷ್ಟು ದೂರ ಹೋದರೆ ಸಿಗುವ ಸಣ್ಣ ಊರಿನ ಸರಕಾರಿ ಶಾಲೆಯದು. ಆದರೆ ಹದಿನೈದು ವರ್ಷ ಆ ಒಲೆಯ ಮುಂದೆ ನಿಂತವಳಿಗೆ ಯಾರಾದರೂ ಅದು ಸರಕಾರದ ಅಡುಗೆಮನೆ ಎಂದರೆ ಸಿಟ್ಟು ಬರುತ್ತಿತ್ತು. ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದು ಸರಕಾರಕ್ಕೆ ಗೊತ್ತೇನು? ಲಗಮವ್ವನಿಗೆ ಗೊತ್ತು, ಆಕೆಯ ಜೊತೆ ಅಡುಗೆ ಮಾಡುವ ಜೈಬುನ್ನಿಸಾಗೆ ಗೊತ್ತು, ಅಷ್ಟೇ.

ಪೊಟ್ಟಣ ತಂದವಳು ಸಪ್ನಾ. ಕಿತ್ತೂರಿನ ಹುಡುಗಿ, ಇಪ್ಪತ್ನಾಲ್ಕು ದಾಟಿಲ್ಲ, ಮೊದಲ ನೌಕರಿ. ತಲೆಗಿಂತ ದೊಡ್ಡ ಹೆಲ್ಮೆಟ್ ಹಾಕಿಕೊಂಡು ಸ್ಕೂಟಿಯಿಂದ ಇಳಿದಳು. ಮಕ್ಕಳ ಎತ್ತರ, ತೂಕ ಅಳೆಯಲು ಬಂದ ಈ ಹುಡುಗಿ ತಾನೇ ಮಕ್ಕಳ ಸಾಲಿನಲ್ಲಿ ನಿಂತರೆ ಗುರುತು ಹಿಡಿಯುವುದು ಕಷ್ಟವಿತ್ತು. ಮಕ್ಕಳ ಆಹಾರದ ಬಗ್ಗೆ ಕೆಲಸ ಮಾಡುವ ಒಂದು ಸಂಸ್ಥೆ ಸವದತ್ತಿ, ಬೈಲಹೊಂಗಲ ಕಡೆಯ ಹನ್ನೆರಡು ಶಾಲೆಗಳಲ್ಲಿ ಆರು ತಿಂಗಳು ಹಾಲು ಕೊಟ್ಟು ನೋಡುವುದೆಂದು ಗೊತ್ತುಮಾಡಿತ್ತು. ಅದರ ಪರವಾಗಿ ಶಾಲೆಶಾಲೆ ತಿರುಗುವುದು ಸಪ್ನಾಳ ಕೆಲಸ.

"ಒಂದು ಬಣ್ಣದ ಪೊಟ್ಟಣದಾಗ ಬರೇ ಹಾಲಿನ ಪುಡಿ ಐತ್ರಿ ಆಯಿ," ಎಂದು ಅವಳು ವಿವರಿಸಿದಳು. "ಇನ್ನೊಂದರಾಗ ಪುಡಿ ಜೊತಿ ಕಬ್ಬಿಣದ ಅಂಶ, ಸತು, ಅಯೋಡಿನ್, ವಿಟಮಿನ್ ಎಲ್ಲಾ ಕೂಡಿಸ್ಯಾರ. ಅದನ್ನ ಕುಡದ್ರ ಮಕ್ಕಳ ಮೈಯಾಗ ರಕ್ತ ಹೆಚ್ಚತೈತಿ, ಕಲತದ್ದು ತಲಿಯಾಗ ನಿಲ್ಲತೈತಿ ಅಂತಾರ. ಖರೇನೋ ಅಲ್ಲೋ ನೋಡಬೇಕಾಗೇತಿ."

"ಹಳದಿಯಾಗ ಐತೋ, ನೀಲಿಯಾಗ ಐತೋ?"

"ನನಗೂ ಗೊತ್ತಿಲ್ಲರಿ. ನಮ್ಮ ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಾದ್ರ ಮನಸು ಒಂದು ಕಡಿ ವಾಲತೈತಿ ಅಂತ ಬೇಕಂತನ ಮುಚ್ಚಿಟ್ಟಾರ."

ಮೂರನೇ, ನಾಲ್ಕನೇ ಇಯತ್ತೆಯ ನಲವತ್ತೆರಡು ಮಕ್ಕಳಿದ್ದರು. ಚೀಟಿ ಎತ್ತಿ ಇಪ್ಪತ್ತೊಂದು ಮಂದಿಯನ್ನು ಹಳದಿಗೆ, ಇಪ್ಪತ್ತೊಂದು ಮಂದಿಯನ್ನು ನೀಲಿಗೆ ಹಾಕಿದ್ದಾಯಿತು. ಎರಡು ಪಾತೇಲಿಯಲ್ಲಿ ಬೇರೆಬೇರೆ ಹಾಲು ಕಾಯಿಸಬೇಕು, ಎರಡು ಬಣ್ಣದ ಕಪ್ಪಿನಲ್ಲಿ ಕೊಡಬೇಕು, ಅದಲುಬದಲು ಆಗದಂತೆ ಮಕ್ಕಳನ್ನು ಎರಡು ಸಾಲಿನಲ್ಲಿ ಕೂಡಿಸಬೇಕು.

"ಒಂದ ಸಾಲಿ ಮಕ್ಕಳಿಗೆ ಎರಡು ಪಂಕ್ತಿ?" ಎಂದು ಲಗಮವ್ವ ಕೇಳಿದಳು.

"ಹೌದ್ರಿ," ಎಂದಳು ಸಪ್ನಾ ನಗುನಗುತ್ತಾ. ಪಾಪ, ಅವಳಿಗೇನು ಗೊತ್ತು.

ಲಗಮವ್ವ ಎಂಟು ವರ್ಷದವಳಿದ್ದಾಗ ಊರ ಗೌಡರ ಮನೆಯ ಮದುವೆಗೆ ಅಪ್ಪನ ಕೈ ಹಿಡಿದು ಹೋಗಿದ್ದಳು. ಅವಳ ಕೇರಿಯವರನ್ನು ದನದ ಕೊಟ್ಟಿಗೆಯ ಆಚೆ ಕೂಡಿಸಿದ್ದರು. ಎಲ್ಲರೂ ಉಂಡೆದ್ದ ಮೇಲೆ ಬಂದು, ಎಲೆಗೆ ಸೌಟು ತಾಗದಂತೆ ಮೇಲಿನಿಂದ ಸುರಿದಿದ್ದರು. ಗೋಧಿ ಹುಗ್ಗಿಯ ವಾಸನೆ ಬಂದಿತ್ತು, ಹುಗ್ಗಿ ಬಂದಿರಲಿಲ್ಲ. ಅಪ್ಪ ತಲೆ ತಗ್ಗಿಸಿ ಸಾರನ್ನ ಉಂಡದ್ದು ಆಕೆಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮುಂದೆ ಇದೇ ಶಾಲೆಗೆ ಅಡುಗೆಯವಳಾಗಿ ಬಂದಾಗ, ಮೊದಲ ವಾರ ಹತ್ತೊಂಬತ್ತು ಮಕ್ಕಳು ಮನೆಯಿಂದ ಬುತ್ತಿ ತಂದಿದ್ದರು. ಆಗ ಶಂಕರೆಪ್ಪ ಮಾಸ್ತರರು ಮಕ್ಕಳ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, "ಲಗಮವ್ವಾ, ಮೊದಲ ನನಗ ನೀಡು," ಎಂದಿದ್ದರು. ಅವರು ಈಗ ಇಲ್ಲಿಯೇ ಹೆಡ್‌ಮಾಸ್ತರು. ಬುತ್ತಿ ಕಟ್ಟಿ ಕಳಿಸಿದ್ದ ಅವೇ ಮನೆಗಳ ಮಕ್ಕಳು ಈಗ ಎರಡು ಸಲ ಸಾರು ಹಾಕಿಸಿಕೊಳ್ಳುತ್ತಾರೆ. ತಾನು ಸೌಟು ಹಿಡಿದಿರುವವರೆಗೆ ಇಲ್ಲಿ ಒಂದೇ ಪಂಕ್ತಿ ಎಂದು ಲಗಮವ್ವ ಅಂದೇ ತನಗೆ ತಾನೇ ಹೇಳಿಕೊಂಡಿದ್ದಳು.

ಆದರೂ ಹೇಳಿದ ಮಾತು ಕೇಳುವ ಹೆಂಗಸೇ ಆಕೆ. ಮೂರು ದಿನ ಎರಡು ಪಾತೇಲಿ ಇಟ್ಟಳು, ಎರಡು ಸಾಲು ಕೂಡಿಸಿದಳು, ಹಲ್ಲು ಕಚ್ಚಿಕೊಂಡು ನೀಡಿದಳು. ಮೂರನೆಯ ದಿನ ಹಳದಿ ಸಾಲಿನಿಂದ ಮೆಹೆರಾಜ ಎಂಬ ಹುಡುಗಿ ಕಪ್ಪು ಹಿಡಿದುಕೊಂಡು ಎದ್ದು ಬಂದಳು. ಮೂರನೇ ಇಯತ್ತೆ, ಕಡ್ಡಿಯಂಥ ಕೈಕಾಲು, ರೆಪ್ಪೆಯ ಒಳಗೆ ರಕ್ತದ ಕೆಂಪೇ ಇಲ್ಲ. ಎರಡನೆಯ ಪಿರಿಯಡ್ಡಿಗೆ ತೂಕಡಿಸುತ್ತಾಳೆಂದು ಮಾಸ್ತರರಿಂದ ದಿನಾ ಬೈಸಿಕೊಳ್ಳುವವಳು. ಅವಳ ಜೀವದ ಗೆಳತಿ ಯಶೋಧಾ ನೀಲಿ ಸಾಲಿಗೆ ಬಿದ್ದಿದ್ದಳು. ಒಂದನೇ ಇಯತ್ತೆಯಿಂದ ಒಂದೇ ಗೋಣಿಪಾಟಿನ ಮೇಲೆ ಕುಳಿತ ಹುಡುಗಿಯರು ಅವರು.

"ಆಯಿ, ಶ್ಯಾಣ್ಯಾ ಆಗೂ ಹಾಲು ಯಶೋಧಾಗ ಅಷ್ಟ ಕೊಡಾಕತ್ತೀಯಂತ," ಎಂದಳು ಮೆಹೆರಾಜ. "ನಾ ಏನ ತಪ್ಪ ಮಾಡೇನಿ?"

"ಯಾರ ಹೇಳಿದ್ರು ನಿನಗ? ಶ್ಯಾಣ್ಯಾ ಆಗೂ ಹಾಲು ನಿಂದ ಇರಬಹುದು. ಯಾರಿಗೂ ಗೊತ್ತಿಲ್ಲ," ಎಂದು ಲಗಮವ್ವ ಸಮಾಧಾನ ಹೇಳಿದಳು.

ನೀಲಿ ಸಾಲಿನಿಂದ ಯಶೋಧಾ ತಲೆ ಎತ್ತಿದಳು. "ಹಂಗಾರ ನಾ ಏನ ತಪ್ಪ ಮಾಡೇನಿ ಆಯಿ?"

ಲಗಮವ್ವ ಪಾತೇಲಿಯ ಕಡೆ ತಿರುಗಿದಳು. ಇಂಥ ಪ್ರಶ್ನೆಗೆ ಉತ್ತರ ಇದ್ದಿದ್ದರೆ ಅಪ್ಪನೇ ಅಂದು ಕೊಟ್ಟಿಗೆಯ ಆಚೆ ಕುಳಿತು ಹೇಳುತ್ತಿದ್ದ.

ನಾಲ್ಕನೆಯ ದಿನ ಆಕೆ ಅನ್ನದ ದೊಡ್ಡ ಪಾತೇಲಿಯನ್ನು ಒಲೆಗೆ ಏರಿಸಿ, ಹಳದಿ ಪೊಟ್ಟಣವನ್ನೂ ನೀಲಿ ಪೊಟ್ಟಣವನ್ನೂ ಒಟ್ಟಿಗೇ ಹರಿದು ಸುರಿದಳು. ಜೈಬುನ್ನಿಸಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಬಾಯಿ ತೆರೆದು ನೋಡಿದಳು.

"ಅಕ್ಕಾ, ಏನ ಮಾಡಾಕತ್ತಿ?"

"ಹಾಲು ಕಾಸಾಕತ್ತೇನಿ. ನೀ ಉಳ್ಳಾಗಡ್ಡಿ ಹೆಚ್ಚು."

ಹೀಗೆ ಐದು ತಿಂಗಳಿಗೂ ಹೆಚ್ಚು ಕಾಲ ನಡೆಯಿತು. ಹಾಲು ಒಂದೇ, ಕಪ್ಪಿನ ಬಣ್ಣ ಮಾತ್ರ ಬೇರೆ. ಸಪ್ನಾ ಬರುವುದು ಹದಿನೈದು ದಿನಕ್ಕೊಂದು ಮಂಗಳವಾರ. ಆ ದಿನ ಮಾತ್ರ ಲಗಮವ್ವ ಎರಡು ಪಾತೇಲಿ ಇಟ್ಟು, ಮಕ್ಕಳನ್ನು ಎರಡು ಸಾಲು ಮಾಡಿ, ಶಿಸ್ತಿನ ಮೂರ್ತಿಯ ಹಾಗೆ ನಿಲ್ಲುತ್ತಿದ್ದಳು. ಎಲ್ಲ ಸರಿಯಾಗಿದೆ ಎಂದು ಸಪ್ನಾ ಹಾಳೆಯ ಮೇಲೆ ಗುರುತು ಹಾಕಿ ಸಹಿ ಮಾಡುತ್ತಿದ್ದಳು. ಇದು ಮೋಸವಲ್ಲವೇ ಎಂದರೆ ಮೋಸವೇ. ಆದರೆ ಮಕ್ಕಳ ಹೊಟ್ಟೆಯ ವಿಷಯದಲ್ಲಿ ಲಗಮವ್ವನಿಗೆ ಯಾವ ಮೋಸವೂ ಮೋಸ ಅನ್ನಿಸುತ್ತಿರಲಿಲ್ಲ.

ಮೇಲಾಗಿ ಮಕ್ಕಳು ಕಣ್ಣೆದುರಿಗೇ ಚಿಗುರುತ್ತಿದ್ದರು. ದೀಪಾವಳಿ ಹೊತ್ತಿಗೆ ಮೆಹೆರಾಜ ತೂಕಡಿಸುವುದನ್ನು ಬಿಟ್ಟಳು. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಏಳರ ಮಗ್ಗಿಯನ್ನು ಉಸಿರು ತೆಗೆದುಕೊಳ್ಳದೆ ಒಪ್ಪಿಸಿದಳು. ಲಗಮವ್ವನಿಗೆ ಎಂಟರ ಮಗ್ಗಿಯೂ ಗೊತ್ತಿಲ್ಲ, ಏಳರದ್ದೂ ಗೊತ್ತಿಲ್ಲ. ತಪ್ಪೋ ಸರಿಯೋ, ಆ ಹುಡುಗಿಯ ಗಲ್ಲ ಸವರಿ, ಲಟಲಟ ಲಟಿಗೆ ಮುರಿದು ದೃಷ್ಟಿ ತೆಗೆದಳು.

ಸಪ್ನಾಳ ಮೇಲೂ ಆಕೆಗೆ ಅಂಥದೇ ಜೀವ. ಆ ಹುಡುಗಿ ಬೆಳಿಗ್ಗೆ ಏನೂ ತಿನ್ನದೆ ಊರೂರು ಅಲೆಯುತ್ತಾಳೆಂದು ಗೊತ್ತಾದಂದಿನಿಂದ, ಮಂಗಳವಾರ ಬಂತೆಂದರೆ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಅವಳಿಗಾಗಿ ಕಟ್ಟಿಟ್ಟಿರುತ್ತಿದ್ದವು. "ಊರ ಮಕ್ಕಳ ರಕ್ತ ಅಳೀತಿ, ನಿಂದು ಎಷ್ಟೈತಿ ನೋಡಿಕೊಂಡೀಯೇನು?" ಎಂದು ಬೈದು ಉಣ್ಣಿಸುತ್ತಿದ್ದಳು. ಎರಡು ತಿಂಗಳೊಳಗೆ ಸಪ್ನಾಳ ಬಾಯಲ್ಲಿ 'ನೀವು' ಹೋಗಿ 'ನೀ' ಬಂದಿತ್ತು, ಮೊಮ್ಮಗಳ ಸಲಿಗೆ ಬಂದಿತ್ತು.

ಡಿಸೆಂಬರಿನ ಒಂದು ಮಂಗಳವಾರ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ರೊಟ್ಟಿ ಮುರಿಯುತ್ತಾ ಸಪ್ನಾ ಹೇಳಿದಳು: "ಬರೂ ಮಂಗಳವಾರ ಡಾಕ್ಟರ್ ಮಹಾದೇವ ಅವರು ಬರತಾರ ಆಯಿ. ಕಡೀ ಪರೀಕ್ಷಾ. ಹನ್ನೆರಡೂ ಸಾಲಿದು ಕೂಡಿಸಿ ಲೆಕ್ಕ ನೋಡತಾರ."

"ನೋಡಿ ಏನ ಮಾಡತಾರ?"

"ಹಳದಿ ಹುಡುಗರಿಗೂ ನೀಲಿ ಹುಡುಗರಿಗೂ ಫರಕ್ ಕಂಡ್ರ, ಆ ಪುಡಿ ಉಪಯೋಗಕ್ಕ ಬರತೈತಿ ಅಂತ ಬರೀತಾರ. ಆಮ್ಯಾಲೆ ಎಷ್ಟೋ ಊರಾಗಿನ ಮಕ್ಕಳಿಗೆ ಇದನ್ನ ಕೊಡ್ರಿ ಅಂತ ಕೇಳಾಕ ಒಂದು ಆಧಾರ ಆಗತೈತಿ."

"ಫರಕ್ ಕಾಣಲಿಲ್ಲ ಅಂದ್ರ?"

"ಬರೇ ಹಾಲ ಸಾಕು, ಇದರ ಉಸಾಬರಿ ಬ್ಯಾಡ ಅಂತಾರ. ಫೈಲ್ ಕಟ್ಟಿ ಇಟ್ಟುಬಿಡತಾರ."

ಲಗಮವ್ವನ ಕೈಯಲ್ಲಿದ್ದ ಸೌಟು ಅಲ್ಲಿಯೇ ನಿಂತಿತು. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ದಡ್ಡಿಯಲ್ಲ. ಇಲ್ಲಿ ಎರಡು ಬಣ್ಣದವರೂ ಕುಡಿದದ್ದು ಒಂದೇ ಹಾಲು. ಫರಕ್ ಎಲ್ಲಿಂದ ಬರಬೇಕು? ಇಲ್ಲಿಯ ನಲವತ್ತೆರಡು ಮಕ್ಕಳನ್ನು ಲೆಕ್ಕದಲ್ಲಿ ಸೇರಿಸಿದರೆ, ಉಳಿದ ಶಾಲೆಗಳಲ್ಲಿ ಕಂಡ ಫರಕ್ಕೂ ಅಷ್ಟು ತೆಳ್ಳಗಾಗುತ್ತದೆ. ಸಾರಿಗೆ ನೀರು ಹೆಚ್ಚಾದರೆ ಏನಾಗುತ್ತದೆಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಲ್ಲೋ ಒಂದು ಊರಿನಲ್ಲಿ ಇನ್ನೊಬ್ಬ ಮೆಹೆರಾಜ ತೂಕಡಿಸುತ್ತಾ ಕುಳಿತಿರುತ್ತಾಳೆ, ಅವಳಿಗೆ ಈ ಹಾಲು ತನ್ನಿಂದಲೇ ತಪ್ಪಬಹುದು.

ಸಪ್ನಾ ಹೋದ ಮೇಲೆ ಜೈಬುನ್ನಿಸಾಳಿಗೆ ಇದನ್ನು ಹೇಳಿದಳು. ಜೈಬುನ್ನಿಸಾ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

"ಅಕ್ಕಾ, ನಿನ್ನ ಕಾಲ ಬೀಳತೇನಿ, ಬಾಯಿ ಬಿಡಬ್ಯಾಡ. ಹೇಳಿದ್ರ ನಾಳಿಯಿಂದ ನಮ್ಮ ಹುಡುಗರಿಗೆ ಪೊಟ್ಟಣ ಬಂದ್ ಆಗತಾವು. ಆ ಪೋರಿ ಸಹಿ ಮಾಡ್ಯಾಳ, ಆಕಿ ನೌಕರಿ ಹೋಗತೈತಿ. ಸುಮ್ನಿದ್ರ ಯಾರಿಗೂ ಗೊತ್ತಾಗಂಗಿಲ್ಲ."

ಎಲ್ಲವೂ ನಿಜ. ಅದಕ್ಕೇ ಲಗಮವ್ವನಿಗೆ ವಾರವಿಡೀ ಉಂಡದ್ದು ಮೈಗೆ ಹತ್ತಲಿಲ್ಲ. ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಹದಿನೈದು ವರ್ಷದಲ್ಲಿ ಹೀಗಾದದ್ದು ಅದೇ ಮೊದಲು. ಶಂಕರೆಪ್ಪ ಮಾಸ್ತರರು ಒಂದು ತುತ್ತು ಉಂಡು, ಆಕೆಯ ಮುಖ ನೋಡಿ, ತಾವೇ ಉಪ್ಪು ಕಲಸಿಕೊಂಡರು.

ಮಂಗಳವಾರ ಡಾಕ್ಟರು ಬಂದರು. ತೆಳ್ಳಗೆ, ಎತ್ತರಕ್ಕೆ, ನಗುವುದರಲ್ಲಿ ಬಹಳ ಜಿಪುಣ ಮನುಷ್ಯ. ಪಡಸಾಲೆಯಲ್ಲಿ ಮೇಜು ಹಾಕಿಸಿ, ಚಿತ್ರದ ಹಾಳೆಗಳನ್ನು ಜೋಡಿಸಿಟ್ಟರು. ಹಾಳೆಯಲ್ಲಿರುವ ಹನ್ನೆರಡು ಚಿತ್ರಗಳನ್ನು ಒಂದು ನಿಮಿಷ ತೋರಿಸಿ ಮುಚ್ಚುತ್ತಾರೆ, ಎಷ್ಟು ನೆನಪಿವೆಯೆಂದು ಮಗು ಹೇಳಬೇಕು. ಮೊದಲ ಮಗುವನ್ನು ಕರೆಯಬೇಕು ಅನ್ನುವಷ್ಟರಲ್ಲಿ ಲಗಮವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮೇಜಿನ ಮುಂದೆ ಬಂದು ನಿಂತಳು.

"ಸಾಹೇಬ್ರ, ಪರೀಕ್ಷಾ ಮಾಡೂಕಿಂತ ಮೊದಲ ನಂದೊಂದು ಮಾತೈತ್ರಿ. ನಾಲ್ಕನೇ ದಿನದಿಂದ ನಾನು ಎರಡೂ ಪುಡಿ ಒಂದ ಪಾತೇಲಿಗೆ ಹಾಕೇನ್ರಿ. ಈ ತಂಗಿ ಬರೂ ದಿವಸ ಅಷ್ಟ ಬ್ಯಾರೆ ಮಾಡತಿದ್ದೆ. ಆಕಿಗೆ ಏನೂ ಗೊತ್ತಿಲ್ರಿ. ತಪ್ಪೆಲ್ಲಾ ನಂದು."

ಸಪ್ನಾಳ ಕೈಯಿಂದ ಪೆನ್ನು ಜಾರಿತು. ಅವಳ ಮುಖ ನೋಡುವ ಧೈರ್ಯ ಲಗಮವ್ವನಿಗೆ ಆಗಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾಕ ಹಿಂಗ ಮಾಡಿದ್ರಿ?"

ಲಗಮವ್ವ ಹೇಳಿದಳು. ಗೌಡರ ಮನೆಯ ಮದುವೆ, ಕೊಟ್ಟಿಗೆಯ ಆಚೆಯ ಪಂಕ್ತಿ, ಅಪ್ಪನ ತಗ್ಗಿಸಿದ ತಲೆ, ಆಮೇಲೆ ಆ ಇಬ್ಬರು ಹುಡುಗಿಯರು ಕೇಳಿದ ಪ್ರಶ್ನೆ. ಶಂಕರೆಪ್ಪ ಮಾಸ್ತರರು ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಿದ್ದರು.

ಡಾಕ್ಟರು ಚಿತ್ರದ ಹಾಳೆಗಳನ್ನು ಒಂದು ಬದಿಗೆ ಸರಿಸಿದರು. "ನೀವು ಹೇಳದಿದ್ರ ನನಗ ಗೊತ್ತಾಗತಿರಲಿಲ್ಲ," ಎಂದರು. "ಈಗ ಯಾಕ ಹೇಳಿದ್ರಿ?"

"ಇವು ನಲವತ್ತೆರಡ ನನ್ನ ಮಕ್ಕಳು ಅಂತ ತಿಳಕೊಂಡಿದ್ನಿರಿ. ನಾ ಕಣ್ಣೀಲೆ ನೋಡದ ಊರಿನ ಮಕ್ಕಳೂ ಇದ ಪಂಕ್ತಿಯೊಳಗ ಕುಂತಾವು ಅಂತ ಹೋದ ವಾರ ತಿಳೀತು. ಅವಕ್ಕ ನೀಡೂದು ತಪ್ಪಿಸಿ ನಾ ಹೆಂಗ ಉಣ್ಣಲಿ?"

ಡಾಕ್ಟರು ಕನ್ನಡಕ ಹಾಕಿಕೊಂಡು ಒಂದು ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದರು. ಈ ಶಾಲೆಯನ್ನು ಲೆಕ್ಕದಿಂದ ಬಿಟ್ಟೆವು ಎಂದರು. ಸಪ್ನಾಳ ಕಡೆ ತಿರುಗಿ, "ನೀ ನೋಡಿದ್ದನ್ನ ನೀ ಬರದೀಯಾ. ಇವತ್ತು ಕೇಳಿದ್ದನ್ನೂ ಹಂಗ ಬರಿ. ಅದೂ ನಿನ್ನ ಕೆಲಸನ," ಎಂದರು. ಅವಳ ನೌಕರಿ ಉಳಿಯಿತೆಂದು ಲಗಮವ್ವನ ಜೀವಕ್ಕೆ ಸ್ವಲ್ಪ ಸಮಾಧಾನವಾಯಿತು. ಕೋಣೆಯಲ್ಲಿ ಇನ್ನೂ ಎರಡು ಡಬ್ಬ ಪೊಟ್ಟಣಗಳಿದ್ದವು, ಅವನ್ನೇನು ಮಾಡಬೇಕೆಂದು ಮಾಸ್ತರರು ಕೇಳಿದರು.

"ಲೆಕ್ಕಕ್ಕ ಇಲ್ಲದ ಸಾಲಿಯೊಳಗ ಬಣ್ಣಕ್ಕೇನು ಬೆಲಿ? ಮುಗಿಯೂತನಕ ಕುಡಸ್ರಿ. ಒಂದ ಪಾತೇಲಿಗೆ ಹಾಕ್ರಿ," ಎಂದ ಡಾಕ್ಟರು ಲಗಮವ್ವನನ್ನು ನೋಡಿದರು. "ಹೆಂಗೂ ನಿಮಗ ರೂಢಿ ಐತಿ."

ಅದು ಅವರು ಆ ದಿನ ಖರ್ಚು ಮಾಡಿದ ಒಂದೇ ಒಂದು ನಗು.

ಬೆಳಗಿನಿಂದ ತಲೆ ಬಾಚಿಕೊಂಡು ಕಾದು ಕುಳಿತ ಮಕ್ಕಳಿಗೆ ಬೇಸರವಾಗಬಾರದೆಂದು ಪರೀಕ್ಷೆಯನ್ನೂ ಮಾಡಿದರು. ಮೆಹೆರಾಜ ಹನ್ನೆರಡರಲ್ಲಿ ಹನ್ನೊಂದು ಚಿತ್ರ ಹೇಳಿ, ಕುಣಿಯುತ್ತಾ ಅಡುಗೆಮನೆಗೆ ಓಡಿ ಬಂದಳು. "ಆಯಿ, ನಂದು ಬರಕೊಂಡ್ರು!" ಎಂದಳು. ಬರೆದುಕೊಂಡ ಹಾಳೆ ಎಲ್ಲಿಗೂ ಹೋಗುವುದಿಲ್ಲವೆಂದು ಲಗಮವ್ವ ಅವಳಿಗೆ ಹೇಳಲಿಲ್ಲ.

ರೊಟ್ಟಿಯ ಗಂಟು ಬಿಚ್ಚದೆ ಹಾಗೆಯೇ ಇತ್ತು. ಸಪ್ನಾ ಸ್ಕೂಟಿ ಹತ್ತುವಾಗ ಲಗಮವ್ವ ಅದನ್ನು ಹಿಡಿದುಕೊಂಡು ಹಿಂದೆ ಓಡಿದಳು.

"ಬ್ಯಾಡ್ರಿ," ಎಂದಳು ಸಪ್ನಾ. ಕಣ್ಣು ಕೆಂಪಾಗಿದ್ದವು. "ಐದು ತಿಂಗಳು ನಿಮ್ಮ ಕೈಯಿಂದ ಉಂಡೇನ್ರಿ. ಒಂದ ದಿನ, ಒಂದ ಮಾತು ನನಗ ಹೇಳಬಾರದಿತ್ತೇನ್ರಿ?"

ಆ 'ರಿ' ಲಗಮವ್ವನ ಎದೆಗೆ ನಾಟಿತು. ಸಾಹೇಬರು ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಗಾಡಿ ತಿರುವು ದಾಟಿದ ಮೇಲೂ ಆಕೆ ಗಂಟು ಹಿಡಿದುಕೊಂಡು ಗೇಟಿನಲ್ಲಿ ನಿಂತೇ ಇದ್ದಳು.

ಈ ಶಾಲೆಗೆ ಬರುವ ಕೆಲಸ ಸಪ್ನಾಳಿಗೆ ಮತ್ತೆ ಇರಲಿಲ್ಲ. ಆದರೂ ಮಂಗಳವಾರ ಬಂತೆಂದರೆ ಲಗಮವ್ವ ಎರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳು. ಯಾಕೆಂದು ಜೈಬುನ್ನಿಸಾ ಕೇಳಿದರೆ, "ಹಿಟ್ಟು ಉಳದಿತ್ತು," ಎನ್ನುತ್ತಿದ್ದಳು. ಹಿಟ್ಟು ಪ್ರತಿ ಮಂಗಳವಾರವೂ ಉಳಿಯುತ್ತಿತ್ತು. ಸಂಕ್ರಾಂತಿ ಮುಗಿಯಿತು, ಪೊಟ್ಟಣಗಳು ತೀರಿದವು, ಬಿಸಿಲು ಚುರುಗುಟ್ಟತೊಡಗಿತು.

ಫೆಬ್ರುವರಿ ಕೊನೆಯ ಒಂದು ರವಿವಾರ ಲಗಮವ್ವ ಮನೆಯಂಗಳದಲ್ಲಿ ಜೋಳ ಹಸನು ಮಾಡುತ್ತಾ ಕುಳಿತಿದ್ದಾಗ ಸ್ಕೂಟಿ ಬಂದು ನಿಂತಿತು. ಹೆಲ್ಮೆಟ್ಟಿನೊಳಗಿನ ಮುಖ ಕಾಣುವ ಮುಂಚೆಯೇ ಆಕೆಗೆ ಗೊತ್ತಾಯಿತು. ಮೊರ ಬದಿಗಿಟ್ಟು ಎದ್ದು ನಿಲ್ಲಲು ಹೋದಳು.

"ಕುಂದರು ಆಯಿ, ಏಳಬ್ಯಾಡ," ಎನ್ನುತ್ತಾ ಸಪ್ನಾ ಪಕ್ಕದಲ್ಲಿಯೇ ನೆಲದ ಮೇಲೆ ಕುಳಿತಳು. ಮೊರದಿಂದ ಒಂದು ಹಿಡಿ ಜೋಳ ತೆಗೆದುಕೊಂಡು ಹರಳು ಆರಿಸತೊಡಗಿದಳು. "ನೀಲಿ," ಎಂದಳು.

"ಏನ?"

"ಆ ಪುಡಿ ನೀಲಿಯೊಳಗ ಇತ್ತು. ಮೊನ್ನೆ ಬಣ್ಣ ಬರದಿಟ್ಟ ಲಕೋಟೆ ಒಡದ್ರು. ಹನ್ನೊಂದು ಸಾಲಿಯೊಳಗೂ ನೀಲಿ ಹುಡುಗರಿಗೆ ರಕ್ತ ಹೆಚ್ಚಾಗೇತಿ, ಚಿತ್ರ ಹೆಚ್ಚು ನೆನಪಿಟ್ಟಾರ. ಭಾಳ ಅಂತ ಅಲ್ಲ, ಆದ್ರ ಫರಕ್ ಐತಿ." ಅವಳು ಆರಿಸುವುದನ್ನು ನಿಲ್ಲಿಸಿದಳು. "ನಿಮ್ಮ ಸಾಲಿನೂ ಹಿಡಕೊಂಡು ಒಂದು ಸಲ ಲೆಕ್ಕ ಹಾಕಿ ನೋಡಿದ್ರು ಆಯಿ. ಆ ಫರಕ್ ಇದ್ದೂ ಇಲ್ಲದಂಗ ಆಗತಿತ್ತು. ನೀ ಹೇಳದಿದ್ರ ಫೈಲ್ ಕಟ್ಟಿ ಇಡತಿದ್ರು. ಡಾಕ್ಟರ ನಿನಗ ಹೋಗಿ ಹೇಳಿ ಬಾ ಅಂದ್ರು. ಅಂದಿರಲಿಲ್ಲ ಅಂದ್ರೂ ನಾ ಬರತಿದ್ದೆ."

ಲಗಮವ್ವ ಹಿಗ್ಗುತ್ತಾಳೆ, ಅಳುತ್ತಾಳೆ, ಕನಿಷ್ಠ ಒಂದು ನಿಟ್ಟುಸಿರಾದರೂ ಬಿಡುತ್ತಾಳೆ ಎಂದು ಸಪ್ನಾ ಎಣಿಸಿದ್ದಳು. ಲಗಮವ್ವನ ಹುಬ್ಬು ಗಂಟಿಕ್ಕಿತು.

"ಹಂಗಾರ ಆ ಹನ್ನೊಂದು ಸಾಲಿಯೊಳಗ ಹಳದಿ ಹುಡುಗರು ಆರು ತಿಂಗಳು ಬರೇ ಹಾಲು ಕುಡದ್ವು?"

"ಹೂಂ. ಇನ್ನ ಅವಕ್ಕೂ ನೀಲಿನ ಕೊಡತಾರ. ನಾಳಿಯಿಂದ."

"ನಾಳಿಯಿಂದ ಯಾಕ? ಇವತ್ತ ಕೊಟ್ರ ಏನಾಗತಿತ್ತು?"

"ಇವತ್ತ ರವಿವಾರ ಆಯಿ. ಸಾಲಿ ಸೂಟಿ," ಎಂದು ಸಪ್ನಾ ಜೋರಾಗಿ ನಕ್ಕಳು. ನಗುತ್ತಲೇ ಆಕೆಯ ಭುಜಕ್ಕೆ ತಲೆ ಇಟ್ಟಳು. ಆಗ ಲಗಮವ್ವನ ಕಣ್ಣು ತುಂಬಿ ಬಂದವು. ಎರಡು ತಿಂಗಳಿನಿಂದ ತಡೆದಿಟ್ಟ ಅಳುವೆಲ್ಲ ಒಟ್ಟಿಗೇ ಬಂತು. ಒಳಗೆ ಹೋಗಿ ರೊಟ್ಟಿ ತಂದು ಉಣ್ಣಿಸಿದ ಮೇಲೆ, ಆ ಮಕ್ಕಳಿಗೆ ನೀಲಿ ಕೊಡುವುದನ್ನು ನೋಡಲು ತಾನೂ ನಾಳೆ ಬರುತ್ತೇನೆಂದು ಹಟ ಹಿಡಿದಳು.

ಮರುದಿನ ಜೈಬುನ್ನಿಸಾಗೆ ಒಲೆ ಒಪ್ಪಿಸಿ, ಬೈಲಹೊಂಗಲದ ಬಸ್ಸು ಹಿಡಿದು, ಅಲ್ಲಿಂದ ಸಪ್ನಾಳ ಗಾಡಿಯ ಹಿಂದೆ ಗಟ್ಟಿಯಾಗಿ ಹಿಡಿದು ಕುಳಿತು ಲಗಮವ್ವ ಆ ಹನ್ನೊಂದರಲ್ಲಿ ಸಂಗೊಳ್ಳಿ ಕಡೆಯ ಒಂದು ಶಾಲೆಗೆ ಹೋದಳು. ಆ ಊರನ್ನು ಆಕೆ ಕಂಡಿರಲೇ ಇಲ್ಲ. ಒಂದು ಮಗುವಿನ ಹೆಸರೂ ಗೊತ್ತಿರಲಿಲ್ಲ. ಮಕ್ಕಳು ಪಡಸಾಲೆಯಲ್ಲಿ ಒಂದೇ ಸಾಲಾಗಿ ಕುಳಿತಿದ್ದರು. ದೂರದ ಊರಿನ ಅಡುಗೆಯವಳು ನೋಡಲಷ್ಟೇ ಬಂದಿದ್ದಾಳೆ, ಏನನ್ನೂ ಮುಟ್ಟುವುದಿಲ್ಲ ಎಂದು ಸಪ್ನಾ ಅಲ್ಲಿಯವರಿಗೆ ಮಾತು ಕೊಟ್ಟಿದ್ದಳು.

ಸಾಲಿನ ತುದಿಯಲ್ಲೊಬ್ಬಳು ಪುಟ್ಟ ಹುಡುಗಿ ಕುಳಿತಲ್ಲೇ ತೂಕಡಿಸುತ್ತಿದ್ದಳು. ಅವಳ ಕೈಯಲ್ಲಿ ಹಳದಿ ಕಪ್ಪು ಇತ್ತು. ಲಗಮವ್ವ ಒಂದು ಗಳಿಗೆ ನೋಡಿದಳು, ಎರಡು ಗಳಿಗೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಲ್ಲಿಯ ಅಡುಗೆಯವಳ ಕೈಯಿಂದ ಹಾಲು ತುಂಬಿದ ಸೌಟನ್ನು ತೆಗೆದುಕೊಂಡು, ನೆಟ್ಟಗೆ ಸಾಲಿನ ತುದಿಗೆ ಹೋಗಿ ಕುಳಿತಳು.

"ಏಳ ನನ್ನವ್ವ," ಎಂದು ಆ ಹುಡುಗಿಯ ಗಲ್ಲ ತಟ್ಟಿದಳು. "ಇವತ್ತ ನಿನಗ ಮೊದಲ."